ಕಿಡಿ ಹಾರದ ಉಕ್ಕು

ಮೂವತ್ತೊಂದು ವರ್ಷಗಳಲ್ಲಿ ಸ್ಯಾಮುವೆಲ್ ಬೇಕೆಂದೇ ಒಂದು ಕೆಲಸ ಕೆಡಿಸಿದವನಲ್ಲ. ಕೆಟ್ಟದ್ದುಂಟು, ಯಾರ ಕೈಯಲ್ಲಿ ಕೆಡುವುದಿಲ್ಲ? ಆದರೆ ಕೆಟ್ಟಿದೆ ಎಂದು ಒಪ್ಪಿಕೊಂಡು ಮತ್ತೆ ಮಾಡಿಕೊಟ್ಟಿದ್ದಾನೆ. ಅಂಥವನ ಮುಂದೆ ಹನಾನ್ ಬಂದು ನಿಂತು, ಚೆನ್ನಾಗಿ ಆಗಿರುವುದನ್ನು ಕೆಡಿಸಿಕೊಡಿ ಎಂದಾಗ ಅವನಿಗೆ ಮೊದಲು ಅರ್ಥವೇ ಆಗಲಿಲ್ಲ.

ಕುವೈತಿನ ಅಹ್ಮದಿಯಿಂದ ಸ್ವಲ್ಪ ಆಚೆಗಿರುವ ಆ ವರ್ಕ್‌ಶಾಪ್ ಹನಾನಳ ತಂದೆ ಬು ಯಾಕೂಬರದು. ತೈಲದ ಗುತ್ತಿಗೆದಾರರಿಗೆ ವಾಲ್ವು, ಶಾಫ್ಟು ಮಾಡಿಕೊಡುವ ಜಾಗ. ಸ್ಯಾಮುವೆಲ್ ಅಲ್ಲಿಯ ಹಿರಿಯ ಫಿಟ್ಟರ್. ಹಿಂದೊಮ್ಮೆ ಗುತ್ತಿಗೆದಾರನೊಬ್ಬ ಅಳತೆ ತಪ್ಪಿದೆಯೆಂದು ಕೂಗಾಡಿದಾಗ ಬು ಯಾಕೂಬ್ ಕುರ್ಚಿಯಿಂದ ಏಳದೆಯೇ, "ನಿನ್ನ ಡ್ರಾಯಿಂಗ್ ಸರಿಯಾಗಿ ನೋಡು. ಇವನ ಕೈ ತಪ್ಪುವುದಿಲ್ಲ" ಎಂದಿದ್ದರು. ತಪ್ಪಿದ್ದು ಡ್ರಾಯಿಂಗೇ. ಆ ಒಂದು ಮಾತಿನ ಮೇಲೆ ಸ್ಯಾಮುವೆಲ್ ಅರ್ಧ ಆಯುಷ್ಯ ಕಳೆದಿದ್ದಾನೆ ಎಂದರೆ ಹೆಚ್ಚಾಗಲಿಕ್ಕಿಲ್ಲ. ರಜೆಗೆ ಮಂಗಳೂರಿಗೆ ಹೋದಾಗಲೆಲ್ಲ ಅದನ್ನೇ ಹೇಳಿ ಭಾವಂದಿರ ತಲೆ ತಿಂದಿದ್ದಾನೆ.

ಈಗ ಮುದುಕರಾದ ಬು ಯಾಕೂಬರ ಹತ್ತಿರ ಅವರ ಅಜ್ಜನ ಕಾಲದ ಕೋವಿಯೊಂದಿತ್ತು. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸಿ ಹೊಡೆಯುವ ಜಾತಿಯದು. ಟ್ರಿಗರ್ ಎಳೆದರೆ, ಕಲ್ಲು ಕಚ್ಚಿಕೊಂಡ ಕೊಕ್ಕು ಎದುರಿನ ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಉದುರಿಸಬೇಕು. ಕೆಳಗಿನ ಪುಟ್ಟ ಬಟ್ಟಲಲ್ಲಿರುವ ಮದ್ದಿಗೆ ಬೆಂಕಿ ಹತ್ತಬೇಕು. ಆ ಪಟ್ಟಿ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಅದನ್ನು ಹೊಸದಾಗಿ ಮಾಡಿಸಿ, ಮೊಮ್ಮಗನ ಮದುವೆಯ ದಿನ ಆಕಾಶಕ್ಕೆ ಒಂದು ಸಲ ಹೊಡೆಯಬೇಕೆಂಬುದು ಮುದುಕರ ಆಸೆ.

"ಕೋವಿ ಗೀವಿ ಎಂತದೂ ಬೇಡ ಮಾರಾಯ್ರೆ. ಪೊಲೀಸ್ ಬಂದ್ರೆ ಇಕಾಮಾ ಖಲಾಸ್" ಎಂದು ಹೆಂಡತಿ ಡೆಲ್ಮಾ, ವಾಸದ ಪರವಾನಗಿಯೇ ರದ್ದಾದೀತೆಂಬ ಹೆದರಿಕೆಯಲ್ಲಿ, ಮಂಗಫ್‌ನ ತಮ್ಮ ಫ್ಲಾಟಿನಲ್ಲಿ ಪಟ್ಟು ಹಿಡಿದು ಕೂತಿದ್ದಳು. ಲೈಸೆನ್ಸಿನ ಫೋಟೊ ಮೊಬೈಲಿನಲ್ಲಿ ತೋರಿಸಿದ ಮೇಲೆಯೇ ಅವಳು ಸುಮ್ಮನಾದದ್ದು.

ಸ್ಯಾಮುವೆಲ್ ಸವೆದುಹೋದ ದೊಡ್ಡದೊಂದು ಅರವನ್ನು ಆರಿಸಿಕೊಂಡ. ಲೋಹ ಉಜ್ಜಲೆಂದೇ ಮಾಡಿದ ಉಕ್ಕದು, ಗಡಸಿಗೆ ಅದಕ್ಕಿಂತ ಒಳ್ಳೆಯದು ಬೇಡ. ಕಾಯಿಸಿ ಮೆದು ಮಾಡಿ, ಬಗ್ಗಿಸಿ, ತೂತು ಕೊರೆದು, ಕಲ್ಲು ಜಾರಿಬರುವಷ್ಟೇ ಬಾಗು ಕೊಟ್ಟ. ಬಟ್ಟಲ ಮೇಲೆ ಅದು ಮುಚ್ಚಳದಂತೆ ಕೂರಬೇಕು, ಕೂದಲೆಳೆಯಷ್ಟೂ ಸಂದು ಇರಬಾರದು. ದೀಪದ ಹೊಗೆ ಹಿಡಿದು ಕೂರಿಸುವುದು, ತಾಗಿ ಕಪ್ಪು ಒರೆಸಿಹೋದಲ್ಲಿ ಮಾತ್ರ ಅರದಿಂದ ಒಂದೆರಡು ಸಲ ಉಜ್ಜುವುದು, ಮತ್ತೆ ಹೊಗೆ. ಮೂರು ವಾರ ಹೀಗೇ ಹೋಯಿತು. ಮುದುಕರು ಬೆಳಗ್ಗೆ ಬಂದು ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕುಡಿದ ಚಹಾವನ್ನು ಮರೆತು ಮತ್ತೆ ಕೇಳುತ್ತಿದ್ದರು, ಸತ್ತುಹೋದ ಫೋರ್‌ಮನ್ ಯಾಕೆ ಬಂದಿಲ್ಲವೆಂದು ವಿಚಾರಿಸುತ್ತಿದ್ದರು. ಪಟ್ಟಿ ನಿನ್ನೆ ಎಲ್ಲಿಗೆ ಬಂದಿತ್ತು ಎಂಬುದು ಮಾತ್ರ ಸರಿಯಾಗಿ ನೆನಪಿರುತ್ತಿತ್ತು.

ಅವರು ಆಸ್ಪತ್ರೆಗೆ ಹೋಗಿದ್ದ ಒಂದು ಗುರುವಾರ ಸ್ಯಾಮುವೆಲ್ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ, ಗಡಸಾಗುವಂತೆ ಹದ ಹಾಕಿದ. ಕೋವಿಗೆ ಕೂರಿಸಿ ಟ್ರಿಗರ್ ಎಳೆದ. ಹೊಂಬಣ್ಣದ ಕಿಡಿಗಳು ಬಟ್ಟಲ ತುಂಬ ಬಿದ್ದವು. ಐವತ್ತೆಂಟರ ಮನುಷ್ಯ ಮಕ್ಕಳ ಹಾಗೆ ಇನ್ನೂ ನಾಲ್ಕು ಸಲ ಎಳೆದು ನೋಡಿ, ಹಿಗ್ಗಿನಿಂದ ಹನಾನಳಿಗೆ ಫೋನ್ ಮಾಡಿ, ಬಾಬಾರನ್ನು ಕರಕೊಂಡು ಬನ್ನಿ ಎಂದ. ಮುದುಕರನ್ನು ಅವನೂ ಹಾಗೇ ಕರೆಯುವುದು. ಅವಳು ಒಬ್ಬಳೇ ಬಂದಳು. ವರ್ಕ್‌ಶಾಪಿನ ಕಾಗದಪತ್ರ, ಎಲ್ಲರ ಇಕಾಮಾ ಈಗ ಅವಳ ಕೈಯಲ್ಲೇ ಇತ್ತು.

"ಹೋದ ವಾರ ಬಾಬಾ ನಮ್ಮ ಅಡುಗೆಯ ಬೀರಾನ್‌ನನ್ನು ಕಳ್ಳ ಅಂತ ತಿಳಿದು ಕಬ್ಬಿಣದ ಸಲಾಕೆ ಹಿಡಿದು ಅಟ್ಟಿಸಿಕೊಂಡು ಹೋದರು" ಎಂದಳು, ಹಿಂದಿ, ಇಂಗ್ಲಿಷು, ಅರಬ್ಬಿ ಮೂರೂ ಕಲೆಸಿದ ಅಲ್ಲಿಯ ಭಾಷೆಯಲ್ಲಿ. "ಇಪ್ಪತ್ತು ವರ್ಷ ಅಡುಗೆ ಮಾಡಿ ಹಾಕಿದವನು. ಆವತ್ತು ಕೈಯಲ್ಲಿ ಈ ಕೋವಿ ಇದ್ದಿದ್ದರೆ?"

"ಅಡಗಿಸಿಟ್ಟರೆ ಆಗದಾ ಮೇಡಂ?"

"ಎಲ್ಲ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ. ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಅಡಗಿಸಿಟ್ಟರೆ ಅದನ್ನು ಕದ್ದವನೂ ಬೀರಾನೇ ಆಗುತ್ತಾನೆ. ನೋಡಲಿಕ್ಕೆ ಹೀಗೇ ಇರಲಿ, ಕಿಡಿ ಬರಬಾರದು. ಅವರಿಗೆ ಹೇಳಲೂ ಬಾರದು."

"ನನ್ನ ಕೈ ಹೋಯಿತು ಅಂದುಕೊಳ್ಳುತ್ತಾರೆ."

"ಅಂದುಕೊಳ್ಳಲಿ." ಹಾಗೆಂದವಳು ಆಮೇಲೆ ದನಿ ತಗ್ಗಿಸಿದಳು. "ತಪ್ಪು ತಿಳಿಯಬೇಡಿ. ಬೇರೆ ದಾರಿ ಇದ್ದರೆ ನೀವೇ ಹೇಳಿ."

ಇದ್ದರೆ ತಾನೇ ಹೇಳುವುದು. ಸ್ಯಾಮುವೆಲ್ ಒಪ್ಪಿ ತಲೆಯಾಡಿಸಿದ. ಮನೆಗೆ ಬಂದು ಡೆಲ್ಮಾಗೆ ಎಲ್ಲ ಹೇಳಿ, ತಟ್ಟೆ ಮುಟ್ಟದೆ ಕೂತ.

"ಬೀರಾನ್‌ನ ಜೀವ ದೊಡ್ಡದಾ, ನಿಮ್ಮ ಹೆಸರು ದೊಡ್ಡದಾ?" ಎಂದಳು ಡೆಲ್ಮಾ.

"ಜೀವವೇ. ಅಲ್ಲ ಅಂತ ಯಾರು ಹೇಳಿದ್ದು?"

"ಮತ್ತೆ ಊಟ ಬಿಟ್ಟು ಕೂತದ್ದು ಎಂತಕ್ಕೆ?"

ಎಂತಕ್ಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಅನ್ನಕ್ಕೆ ಸಾರು ಹಾಕಿಕೊಂಡ.

ಹನಾನ್ ಎರಡು ದಿನ ತಂದೆಯನ್ನು ಮನೆಯಲ್ಲೇ ಉಳಿಸಿಕೊಂಡಳು. ಭಾನುವಾರ ಬೆಳಗ್ಗೆ ಸ್ಯಾಮುವೆಲ್ ಪಟ್ಟಿಯನ್ನು ಕಳಚಿ, ಮತ್ತೆ ಕೆಂಪಗೆ ಕಾಯಿಸಿ, ಸುಣ್ಣದ ಪುಡಿಯಲ್ಲಿ ಹೂತಿಟ್ಟ. ಹಾಗೆ ನಿಧಾನವಾಗಿ ಆರಿದ ಉಕ್ಕಿನ ಗಡಸು ಹೊರಟುಹೋಗುತ್ತದೆ. ಕಲ್ಲು ಎಷ್ಟು ಉಜ್ಜಿದರೂ ಅದು ಕಿಡಿ ಕೊಡುವುದಿಲ್ಲ. ಮರುದಿನ ತೆಗೆದು, ಕಪ್ಪು ಹೋಗುವಂತೆ ತಿಕ್ಕಿ ಮೊದಲಿನ ಹೊಳಪು ಬರಿಸಿದ. ಮೋಸದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವ ತನ್ನ ಕೈಯ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

ಮಂಗಳವಾರ ಬು ಯಾಕೂಬ್ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ದಿಶ್ದಾಶಾ, ತೊಟ್ಟು ಬಂದರು. ಸ್ಯಾಮುವೆಲ್ ತನ್ನ ಸಣ್ಣ ಕೋಣೆಯ ಮೇಜಿನ ಮೇಲೆ ಕೋವಿ ಇಟ್ಟಿದ್ದ. ಮುದುಕರು ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿ, ಕೊಕ್ಕು ಹಿಂದಕ್ಕೆಳೆದು ಟ್ರಿಗರ್ ಒತ್ತಿದರು. ಟಕ್ ಎಂದಿತು, ಅಷ್ಟೇ. ಮತ್ತೆ ಎಳೆದರು. ಕಲ್ಲು ಬದಲಿಸಿ ಎಳೆದರು. ಹಾಗೆ ಏಳು ಸಲ ಎಳೆದರು. ಸ್ಯಾಮುವೆಲ್ ನೆಲ ನೋಡುತ್ತ ನಿಂತಿದ್ದ.

ಆಮೇಲೆ ಮುದುಕರು ಮಾಡಿದ್ದನ್ನು ಅವನು ಎಣಿಸಿರಲಿಲ್ಲ. ಮೇಜಿನಿಂದ ಒಂದು ಅರ ಎತ್ತಿಕೊಂಡು ಪಟ್ಟಿಯ ಅಂಚಿಗೆ ಒಮ್ಮೆ ಎಳೆದರು. ಗಡಸು ಉಕ್ಕಾದರೆ ಅರ ಜಾರಬೇಕು. ಇದು ಕಚ್ಚಿತು, ಬೆರಳಿಗೆ ಪುಡಿ ಬಂತು. ಇಷ್ಟು ವರ್ಷ ವರ್ಕ್‌ಶಾಪ್ ನಡೆಸಿದವರಿಗೆ ಅಷ್ಟು ಸಾಕು.

"ಹದ ಹಾಕಿಲ್ಲ" ಎಂದರು, ಹಳೆಯ ಕುವೈತಿಗಳ ಒರಟು ಹಿಂದಿಯಲ್ಲಿ.

ಸ್ಯಾಮುವೆಲ್ ಬೈಗುಳಕ್ಕೆ ಕಾದ. ಮುದುಕರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಮರೆತೆಯಾ?" ದನಿ ಮೆತ್ತಗಿತ್ತು. "ಯಾವಾಗಿನಿಂದ ಹೀಗೆ?"

ಸ್ಯಾಮುವೆಲ್ ಅರವನ್ನು ಎತ್ತಿ ಅದರ ಜಾಗದಲ್ಲಿಟ್ಟ.

"ಹೆದರಬೇಡ. ನನಗೂ ಹೀಗೆಯೇ ಶುರುವಾದದ್ದು. ಮೊದಲು ಕಾರಿನ ಕೀ, ಆಮೇಲೆ ಜನರ ಹೆಸರು. ಮೊನ್ನೆ ಬೀರಾನ್‌ನನ್ನೇ ಹೊಡೆಯಲು ಹೋದೆ. ಅವನು ಚಹಾ ತಂದಿಟ್ಟರೆ ತಲೆ ಎತ್ತಿ ನೋಡಲು ಆಗುವುದಿಲ್ಲ ನನಗೆ. ಇದೆಲ್ಲ ನನಗೆ ತಿಳಿಯುವುದಿಲ್ಲ ಅಂದುಕೊಂಡಿದ್ದಾಳೆ ಹನಾನ್. ಹಾಗೇ ಇರಲಿ, ಇಲ್ಲದಿದ್ದರೆ ನನ್ನ ಮುಂದೆ ಕೂತು ಅಳುತ್ತಾಳೆ." ಅವರು ಸ್ಯಾಮುವೆಲ್‌ನ ಕೈ ಹಿಡಿದುಕೊಂಡರು. "ನನ್ನದನ್ನು ನೀನು ಹೇಳಬೇಡ, ನಿನ್ನದನ್ನು ನಾನು ಹೇಳುವುದಿಲ್ಲ. ಗೊತ್ತಾದರೆ ನಿನ್ನನ್ನು ಊರಿಗೆ ಕಳಿಸಿಬಿಡುತ್ತಾರೆ."

ನನ್ನ ಕೈ ಸರಿಯಾಗಿಯೇ ಇದೆ ಬಾಬಾ, ಗುರುವಾರ ಬಟ್ಟಲ ತುಂಬ ಕಿಡಿ ಬಿದ್ದಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಳ್ಳಲು ಅವನಿಗೆ ತುಂಬ ಕಷ್ಟವಾಯಿತು.

"ಹೌದು ಬಾಬಾ. ಮರೆತುಹೋಯಿತು. ಯಾರಿಗೂ ಹೇಳುವುದಿಲ್ಲ."

ಹನಾನ್ ಕರೆದೊಯ್ಯಲು ಬಂದಾಗ ಮುದುಕರು ಕೋವಿಯನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದ್ದರು. "ಹತ್ತು ಸಲ ಎಳೆದೆ, ಹತ್ತು ಸಲವೂ ಕಿಡಿ" ಎಂದು ಮಗಳಿಗೆ ಜೋರಾಗಿಯೇ ಹೇಳಿದರು. "ನಾನಿರುವ ತನಕ ಇವನು ಇಲ್ಲೇ ಇರಬೇಕು. ತಿಳಿಯಿತಾ?"

ಹನಾನ್ ತಂದೆಯನ್ನು ಕಾರಿನಲ್ಲಿ ಕೂರಿಸಿ, ಏಸಿ ಹಾಕಿ, ಗಾಜು ಏರಿಸಿ ವಾಪಸು ಬಂದಳು. ಮುಖ ಬಿಳುಚಿತ್ತು.

"ಮೆತ್ತಗೆ ಮಾಡಿದ್ದೀರಲ್ಲವಾ?"

"ಮಾಡಿದ್ದೇನೆ ಮೇಡಂ."

"ಹಾಗಾದರೆ ಇಲ್ಲದ ಕಿಡಿಯೂ ಅವರಿಗೆ ಕಾಣತೊಡಗಿದೆ. ಇಷ್ಟು ಹದಗೆಟ್ಟಿದೆ ಅಂತ ಗೊತ್ತಿರಲಿಲ್ಲ. ನಾಳೆಯಿಂದ ಇಲ್ಲಿಗೆ ಕರಕೊಂಡು ಬರುವುದಿಲ್ಲ. ಬೆಂಕಿ, ಯಂತ್ರ, ಏನಾದರೂ ಆದರೆ?"

ಸ್ಯಾಮುವೆಲ್ ಕಾರಿನ ಕಡೆ ನೋಡಿದ. ಮಾತು ಕೊಟ್ಟು ಕಾಲು ಗಂಟೆಯೂ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆ ಮನುಷ್ಯ ನಾಳೆಯಿಂದ ನಾಲ್ಕು ಗೋಡೆಗಳ ನಡುವೆ ಕೂರುತ್ತಾರೆ, ಅದೂ ತನ್ನನ್ನು ಉಳಿಸಲು ಹೋದ ತಪ್ಪಿಗೆ.

"ಅವರಿಗೆ ಕಿಡಿ ಕಾಣಲಿಲ್ಲ ಮೇಡಂ. ಅರ ಎಳೆದು ನೋಡಿ, ಹದ ಇಲ್ಲ ಅಂತ ಕಂಡುಹಿಡಿದರು. ತಮ್ಮ ಹಾಗೇ ನನಗೂ ಮರೆವಿನ ಕಾಯಿಲೆ ಬಂದಿದೆ ಅಂದುಕೊಂಡು, ನನ್ನ ಕೆಲಸ ಉಳಿಸಲು ನಿಮ್ಮ ಹತ್ತಿರ ಸುಳ್ಳು ಹೇಳಿದರು."

"ಕಾಯಿಲೆಯಾ?" ಹನಾನ್ ಅವನನ್ನೇ ದಿಟ್ಟಿಸಿದಳು. "ತಮಗೆ ಕಾಯಿಲೆ ಇದೆ ಅಂತ ಬಾಬಾಗೇ ಗೊತ್ತಾ?"

"ಎಲ್ಲ ಗೊತ್ತಿದೆ. ಬೀರಾನ್ ವಿಷಯವೂ ನೆನಪಿದೆ. ನೀವು ಅಳುತ್ತೀರಿ ಅಂತ ಹೇಳಲಿಲ್ಲವಂತೆ."

"ಎರಡು ವರ್ಷದಿಂದ ವಿಟಮಿನ್ ಅಂತ ಹೇಳಿ ಮರೆವಿನ ಮಾತ್ರೆ ಕೊಡುತ್ತಿದ್ದೇನೆ" ಎಂದಳು ಅವಳು. "ಒಂದು ದಿನವೂ ಏನು ಅಂತ ಕೇಳಲಿಲ್ಲ." ಅಲ್ಲಿಗೆ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಕಾರಿಗೆ ಬೆನ್ನು ಮಾಡಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಕಾರಿನ ಗಾಜು ಇಳಿಯಿತು. ಬು ಯಾಕೂಬ್ ತಲೆ ಹೊರಗೆ ಹಾಕಿದರು.

"ಹನಾನ್, ಯಲ್ಲಾ, ಹೊರಡೋಣ, ಸಾಕು ಬಾ. ಬಡವನಿಗೆ ಬೈಬೇಡ. ಅವನ ಕೆಲಸದಲ್ಲಿ ಏನೂ ತಪ್ಪಿಲ್ಲ."

"ಬೈಯುತ್ತಿಲ್ಲ ಬಾಬಾ" ಎಂದಳು ಹನಾನ್, ತಿರುಗಿ ನೋಡದೆ.