ಮೂತಿಯ ಮೇಲಿನ ಹೆಸರು

ಕೊಳೆಯಲ್ಲ, ಅಕ್ಷರ.

ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿಕೊಂಡು ಒರೆಸಲು ಬಗ್ಗಿದ್ದ ಸರ್ವಮಂಗಳ ಹಾಗೆಯೇ ನಿಂತಳು. ಬಚ್ಚಲಿನಲ್ಲಿ ಗಂಡ ಬಸವರಾಜು ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಇನ್ನೂ ಐದಾರು ತಂಬಿಗೆಯಷ್ಟು ಹೊತ್ತಾದರೂ ಇದೆ. ಶಾಲೆಯ ಚೀಲದಿಂದ ಭೂತಕನ್ನಡಿ ತೆಗೆದಳು. ಎಂಟನೇ ಕ್ಲಾಸಿನ ಹುಡುಗಿಯರಿಗೆ ದಾಸವಾಳದ ಕೇಸರ ತೋರಿಸಲು ಲ್ಯಾಬಿನಿಂದ ತಂದು, ವಾಪಸು ಕೊಡಲು ಮರೆತದ್ದು.

ಮೊಳದುದ್ದದ ರೆಕ್ಕೆಯ ಪ್ಲಾಸ್ಟಿಕ್ ವಿಮಾನ ಮೇಜಿನ ಮೇಲೆ, ಹಳೆಯ ಪಂಚೆಯ ಎರಡು ಸುರುಳಿಗಳ ನಡುವೆ ಅಂಗಾತ ಮಲಗಿತ್ತು. ಬೆಳಿಗ್ಗೆಯಷ್ಟೇ ಅಂಟಿಸಿದ ಚಕ್ರಗಳು ಸೂರು ನೋಡುತ್ತಿದ್ದವು. ಮೂತಿಯ ಎಡಗಡೆ, ಪೈಲಟ್ ಕೂರುವ ಗಾಜಿನ ಕೆಳಗೆ, ಸಾಸಿವೆಗಿಂತ ಸಣ್ಣದಾಗಿ ಐದು ಇಂಗ್ಲಿಷ್ ಅಕ್ಷರ, ಕೆಂಪು ಬಣ್ಣದಲ್ಲಿ. ತಲೆಕೆಳಗಾಗಿದ್ದವು. ಕತ್ತು ಓರೆ ಮಾಡಿ ಓದಿದಳು.

ಕುಸುಮ್.

ಎರಡನೇ ಸಲ ಓದಿದಾಗಲೂ ಅದೇ ಇತ್ತು. ಮೊದಲ ಅಕ್ಷರದ ಕಾಲಿಗೆ ಒಂದು ಸಣ್ಣ ಕೊಂಡಿ, ಕೊನೆಯದಕ್ಕೆ ಬಳ್ಳಿಯಂಥ ಬಾಲ. ಬಸವರಾಜು ಪಂಪ್‌ಸೆಟ್ ರಿಪೇರಿಯ ಚೀಟಿಗಳ ಮೇಲೆ ಗೀಚುವ ಅಕ್ಷರವನ್ನು ಅವಳು ವರ್ಷಗಳಿಂದ ಕಂಡಿದ್ದಳು. ಹಳ್ಳಿಯವರು ಅದನ್ನು ಓದಿಸಿಕೊಳ್ಳಲು ಅವಳ ಬಳಿಗೇ ಬರುತ್ತಿದ್ದರು. ಅದೇ ಕೈ ಇದನ್ನು ಬರೆದಿದೆ ಎಂಬುದು ಹೆಸರಿಗಿಂತ ಹೆಚ್ಚು ಚುಚ್ಚಿತು.

ನೀರಿನ ಸದ್ದು ನಿಂತಿತು. ಭೂತಕನ್ನಡಿ ಚೀಲಕ್ಕೆ ಹೋಯಿತು.

ಉಪ್ಪಿಟ್ಟು ತಿನ್ನುವಾಗ ಕೇಳಬಹುದಿತ್ತು. ಆದರೆ ಕೇಳಿದರೆ ನೋಡಿದ್ದು ಗೊತ್ತಾಗುತ್ತದೆ. ನೋಡಿದ್ದು ಗೊತ್ತಾದರೆ, ನೋಡುವಷ್ಟು ಅದು ತನಗೆ ಮುಖ್ಯವೆಂದಾಗುತ್ತದೆ. ಐದು ತಿಂಗಳಿಂದ ಅವಳು ಆ ವಿಮಾನ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅದರ ಸುತ್ತ ಓಡಾಡಿದ್ದಳು. ಆ ಬಿಗುಮಾನವನ್ನು ಒಂದು ತಟ್ಟೆ ಉಪ್ಪಿಟ್ಟಿನ ಮುಂದೆ ಬಿಟ್ಟುಕೊಡುವುದು ಹೇಗೆ?

"ಇವತ್ತು ಭಾನುವಾರ," ಎಂದಳು.

"ಗಾವಡಗೆರೆಗೆ ಹೋಗ್ಬೇಕು. ಇಂಜಿನ್ ನಿಂತೋಗದೆ ಅಂದ್ರು."

"ಊಟಕ್ಕೆ?"

"ನೋಡನ."

ಅಷ್ಟರಲ್ಲಿ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಐದು ಅಕ್ಷರಕ್ಕೆ ಐದು ಮಿಲಿಮೀಟರ್. ತನ್ನ ಹೆಸರಿಗೆ ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ. ಅದೇ ಅಳತೆಯಲ್ಲಿ ಬರೆದರೆ ಹನ್ನೆರಡು ಮಿಲಿಮೀಟರ್; ಪೈಲಟ್ಟಿನ ಗಾಜಿನ ಅಡಿಯನ್ನು ದಾಟಿ ರೆಕ್ಕೆಯ ಕಡೆಗೆ ಹರಿಯಬೇಕು. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಹುಣಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ, ವಿಜ್ಞಾನ ಎರಡನ್ನೂ ಕಲಿಸುವ ಬಿ.ಎಸ್ಸಿ. ಬಿ.ಎಡ್.; ಗಂಡ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ನಪಾಸಾಗಿ ಏರ್‌ಫೋರ್ಸ್ ಸೇರಿದವನು.

ಮದುವೆಯಾಗಿ ಹನ್ನೊಂದು ವರ್ಷ. ಅದರಲ್ಲಿ ಮೊದಲ ಆರು ವರ್ಷ ಅವನು ಪೂನಾದಲ್ಲಿ, ಬಾಂಬರ್ ವಿಮಾನಗಳ ಮೈ ರಿಪೇರಿ ಮಾಡುವ ಫಿಟ್ಟರ್. ಅವಳು ಇಲ್ಲಿ. ಕ್ವಾರ್ಟರ್ಸ್ ಸಿಕ್ಕಿಲ್ಲವೆಂದು ಅವನು ಬರೆಯುತ್ತಿದ್ದ. ಕೆಲಸ ಬಿಡಲಾಗುವುದಿಲ್ಲವೆಂದು ಅವಳು ಬರೆಯುತ್ತಿದ್ದಳು. ಇಬ್ಬರ ಉತ್ತರವೂ ಇಬ್ಬರಿಗೂ ಅನುಕೂಲವಾಗಿತ್ತು. ಅವನು ಕೆಲಸ ಬಿಟ್ಟು ಬಂದಾಗ ತಂದದ್ದು ಒಂದು ಟ್ರಂಕು. ಅದರ ತಳದಲ್ಲಿ ಯಾರೋ ಆಫೀಸರ್ ಇಂಗ್ಲೆಂಡಿನಿಂದ ತಂದು ಕೊಟ್ಟ ಒಂದು ರಟ್ಟಿನ ಡಬ್ಬ. ಡಬ್ಬದ ಮೇಲೆ ಬೆಂಕಿಯುಗುಳುವ ವಿಮಾನದ ಚಿತ್ರ, ಲಿಬರೇಟರ್ ಎಂದು ಹೆಸರು. ಐದು ವರ್ಷ ಅದು ಮುಚ್ಚಿಯೇ ಇತ್ತು. ಈ ಸಲ ಶಿವರಾತ್ರಿ ಕಳೆದ ಮಾರನೆಯ ದಿನ, ಯಾಕೆಂದು ಹೇಳದೆ, ಅವನು ಅದನ್ನು ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ತುಂಡುಗಳನ್ನು ಮೇಜಿನ ಮೇಲೆ ಹರಡಿದ.

ಮನೆಯಲ್ಲಿದ್ದದ್ದು ಒಂದೇ ಮೇಜು. ಅವಳು ಬಿ.ಎಡ್. ಮುಗಿಸಿದಾಗ ಅವಳ ಅಪ್ಪ ಬೀಟೆಯಲ್ಲಿ ಮಾಡಿಸಿಕೊಟ್ಟದ್ದು. ವಿಮಾನ ಅದನ್ನು ಹಿಡಿದುಕೊಂಡ ಮೇಲೆ ಅವಳು ಟೆಸ್ಟ್ ಪೇಪರುಗಳನ್ನು ಮಂಚದ ಮೇಲೆ ಕಾಲು ಮಡಚಿ ಕೂತು ತಿದ್ದತೊಡಗಿದಳು. ಮುಂದೆ ಬೇಕಾಗುತ್ತದೆ ಎಂದು ಖಾಲಿ ಬಿಟ್ಟುಕೊಂಡಿದ್ದ ಒಳಕೋಣೆಯಲ್ಲಿ ಮೇಜು ಹಾಕಬಹುದಿತ್ತು. ಆ ಕೋಣೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಲ್ಲಿ ಈಗ ಆಯಿಲ್ ಇಂಜಿನ್ನಿನ ಬಿಡಿಭಾಗಗಳಿದ್ದವು.

ಮೊದಲ ಮೂರು ತಿಂಗಳು ಅವನು ಮಾಡಿದ್ದು ವಿಮಾನದ ಒಳಗನ್ನು. ಸಿಗರೇಟ್ ಪ್ಯಾಕಿನ ಬೇಗಡೆ ಸೀಳಿ ಸೀಟಿಗೆ ಬೆಲ್ಟು ಮಾಡಿದ. ರೇಡಿಯೋದ ಗುಂಡಿಗಳಿಗೆ ಒಂದೊಂದು ಚುಕ್ಕೆ ಬಿಳಿ ಬಣ್ಣವಿಟ್ಟ. ಗೋಧಿ ಕಾಳಿನಷ್ಟಿದ್ದ ಮನುಷ್ಯರಿಗೆ ಹುಬ್ಬು ಬರೆದ. ಚಿಮಟ ಹಿಡಿದು, ಉಸಿರು ಕಟ್ಟಿ, ತುಟಿ ಸ್ವಲ್ಪವೇ ತೆರೆದು ಅವನು ಬಗ್ಗಿದ್ದಾಗ ಅವನ ಮುಖ ಹೇಗಿರುತ್ತಿತ್ತೆಂಬುದನ್ನು ಅವಳು ಮಂಚದ ಮೇಲಿನಿಂದ, ಪೇಪರಿನ ಅಂಚಿನಿಂದ ನೋಡುತ್ತಿದ್ದಳು. ಆ ಮುಖ ತನ್ನ ಮೇಲೆ ಬಗ್ಗಿದ್ದು ನೆನಪಿರಲಿಲ್ಲ. ಆಮೇಲೆ ಒಂದು ದಿನ ಅವನು ಎರಡು ಹೋಳುಗಳನ್ನು ಜೋಡಿಸಿ, ಗೋಂದು ಹಚ್ಚಿ, ಎಲ್ಲವನ್ನೂ ಮುಚ್ಚಿಬಿಟ್ಟ. ಐದು ತಿಂಗಳಲ್ಲಿ ಅವಳು ಕೇಳಿದ್ದು ಅಂದು ಮಾತ್ರ.

"ಇನ್ನು ಅದೆಲ್ಲ ಕಾಣೋದೇ ಇಲ್ಲವಲ್ಲ?"

"ಒಳಗೈತಲ್ಲ," ಎಂದಿದ್ದ.

ಸೈಕಲ್ಲಿಗೆ ಸ್ಪ್ಯಾನರ್ ಚೀಲ ಕಟ್ಟಿಕೊಂಡು ಅವನು ಹೋದ ಮೇಲೆ ಅವಳು ಟ್ರಂಕಿನ ಬೀಗ ತೆಗೆದಳು. ಬೀಗದ ಕೈ ಗೋಡೆಯ ಮೊಳೆಯಲ್ಲೇ ಇತ್ತು. ಅವಳಿಂದ ಅವನು ಏನನ್ನೂ ಬಚ್ಚಿಟ್ಟಿರಲಿಲ್ಲ. ಅದೇ ಅವಮಾನವೆನಿಸಿತು. ನೀಲಿ ಸ್ವೆಟರು, ಡಿಸ್ಚಾರ್ಜ್ ಪುಸ್ತಕ, ಅವಳೇ ಬರೆದಿದ್ದ ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು. ಪತ್ರಗಳನ್ನು ತೆರೆದು ನೋಡಿದಳು. ಎಲ್ಲವೂ ಒಂದೇ ಪತ್ರದಂತಿದ್ದವು: ಇಲ್ಲಿ ಎಲ್ಲರೂ ಕ್ಷೇಮ, ಶಾಲೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಕುಸುಮ್ ಎಂಬುವಳಿದ್ದರೆ ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದಳು ಎಂದುಕೊಂಡಳು. ಬೇರೆ ಪತ್ರಗಳಿಗಾಗಿ ಸ್ವೆಟರಿನ ತೋಳಿನೊಳಗೂ ಕೈ ಹಾಕಿದಳು. ಇರಲಿಲ್ಲ.

ಒಂದು ಫೋಟೋ ಇತ್ತು. ದೊಡ್ಡ ವಿಮಾನದ ಮುಂದೆ ಖಾಕಿ ಚಡ್ಡಿಯ ಹತ್ತು ಗಂಡಸರು. ಬಸವರಾಜು ತುದಿಯಲ್ಲಿ, ವಿಮಾನದ ಹೊಟ್ಟೆಗೆ ಅಂಗೈ ಒತ್ತಿ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಅವನಿಗೆ ಎಡಗಡೆ ಒಂದು ಓರೆ ಹಲ್ಲಿದೆಯೆಂದು ಅವಳಿಗೆ ಗೊತ್ತಾದದ್ದು ಆಗ. ವಿಮಾನದ ಮೂತಿಯ ಮೇಲೆ ಏನೋ ಕಲೆಯಂತಿತ್ತು. ಭೂತಕನ್ನಡಿ ಹಿಡಿದಳು. ಹತ್ತಿರ ಹೋದಷ್ಟೂ ಅದು ಅಕ್ಷರವಾಗುವ ಬದಲು ಬರೀ ಚುಕ್ಕೆಗಳಾಯಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಪುಟ್ಟಮಲ್ಲಪ್ಪ ಬಂದ. ಪೂನಾದಲ್ಲಿ ಗಂಡನ ಜೊತೆಗಿದ್ದವನು, ಈಗ ಪಿರಿಯಾಪಟ್ಟಣದಲ್ಲಿ ಒಂದು ತಂಬಾಕು ಗೋಡೌನಿನ ವಾಚ್‌ಮನ್. ವಿಮಾನ ಶುರುವಾದಾಗಿನಿಂದ ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಬಂದು, ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಅವರಿಬ್ಬರೂ ಅಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತೇ ಬೇಡದಿದ್ದ ಆ ಸುಖವನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಇಂದು ಮಾತ್ರ ಅವಳೇ ಸ್ಟೂಲು ಎಳೆದಿಟ್ಟಳು, ಕಾಫಿ ಕೊಟ್ಟಳು. ಗೋಡೌನು, ಅವನ ಹೆಂಡತಿಯ ಮಂಡಿ ನೋವು, ಮಳೆ, ಇಷ್ಟನ್ನೂ ವಿಚಾರಿಸಿದ ಮೇಲೆ, ಕಾಫಿ ತಂದ ತಟ್ಟೆಯನ್ನು ಒಳಗೆ ಒಯ್ಯುತ್ತ, ಬೆನ್ನು ಹಾಕಿಯೇ ಕೇಳಿದಳು.

"ಕುಸುಮ್ ಅನ್ನುವವರು ಯಾರು?"

ಪುಟ್ಟಮಲ್ಲಪ್ಪ ಕಾಫಿಯ ಲೋಟವನ್ನು ಕೆಳಗಿಟ್ಟ.

"ಕುಸುಮಾನಾ? ಅದು ಇಮಾನದ ಎಸ್ರು ಕಣಕ್ಕಾವ್ರೆ. ನಾವು ರಿಪೇರಿ ಮಾಡ್ತಿದ್ದುದ್ಕೆ ಅಂಗಂತಿದ್ರು."

"ಯಾರು ಇಟ್ಟದ್ದು?"

"ಯಾರೋ ಪೈಲೆಟ್ ಸಾಯೇಬ್ರು. ಅವ್ರ ಎಂಡ್ತಿಯೋ, ಮಗಳೋ."

ಆಮೇಲೆ ಅವನು ತಾನಾಗಿಯೇ ಹೇಳುತ್ತ ಹೋದ. ಆ ವಿಮಾನಕ್ಕೆ ಮೈತುಂಬ ರೋಗವಿತ್ತಂತೆ. ಎಲ್ಲಿ ಮುಟ್ಟಿದರೆ ಎಲ್ಲಿ ಎಣ್ಣೆ ಸೋರುತ್ತದೆಂದು ಬಸವರಾಜುವಿಗೆ ಕತ್ತಲಲ್ಲೂ ಗೊತ್ತಿತ್ತಂತೆ. ಅದರ ರೆಕ್ಕೆಯ ಕೆಳಗೆ ಚಾಪೆ ಹಾಕಿಕೊಂಡು ಮಲಗುತ್ತಿದ್ದನಂತೆ, ಹಾಡು ಹೇಳುತ್ತಿದ್ದನಂತೆ. ಗುಜರಿಗೆಂದು ಅದರ ರೆಕ್ಕೆ ಕತ್ತರಿಸಿದ ದಿನ ಅನ್ನ ಮುಟ್ಟಲಿಲ್ಲ, ಹೆಣ್ಣು ಕಳಕೊಂಡವರ ಹಾಗೆ ಅತ್ತ. ಅದಾಗಿ ಒಂದೇ ತಿಂಗಳಿಗೆ ಕೆಲಸ ಬಿಟ್ಟು ಊರಿಗೆ ಬಂದ.

"ಆ ಎಸ್ರ ನಾವೇ ಬರ್ದಿದ್ದು, ಏಣಿ ಆಕ್ಕಂಡು," ಎಂದ ಪುಟ್ಟಮಲ್ಲಪ್ಪ. "ಅವ್ನೇ ಬ್ರಸ್ಸು ಇಡ್ದಿದ್ದು."

"ಪೈಲಟ್ ಇಟ್ಟದ್ದು ಅಂದಿರಲ್ಲ?"

ಅವನು ಕಿಟಕಿಯ ಕಡೆ ನೋಡಿದ. "ಎಂಗೋ ಕಣಕ್ಕಾವ್ರೆ. ಬಾಳ ದಿನ ಆಯ್ತು."

ಹಂತಗಳು ಒಂದಕ್ಕೊಂದು ಹೊಂದದೆ ಉತ್ತರ ಮಾತ್ರ ಸರಿಯಿರುವ ಪೇಪರುಗಳು ಅವಳಿಗೆ ಹೊಸದಲ್ಲ. ಅಂಥವಕ್ಕೆ ಅರ್ಧ ಅಂಕ ಕೊಡುತ್ತಿದ್ದಳು. ಇದಕ್ಕೆ ಎಷ್ಟು ಕೊಡಬೇಕೆಂದು ತಿಳಿಯಲಿಲ್ಲ. ಹೆಣ್ಣೊಬ್ಬಳಿದ್ದರೆ ಅವಳಿಗೆ ವಯಸ್ಸಾಗುತ್ತದೆ, ಹಲ್ಲು ಬೀಳುತ್ತದೆ, ಒಂದು ದಿನ ಬಸ್ಸು ಹತ್ತಿ ಹೋಗಿ ಅವಳ ಮನೆಯ ಮುಂದೆ ನಿಂತು ನೋಡಿ ಬರಬಹುದು. ಹೆಣ್ಣೇ ಇಲ್ಲದಿದ್ದರೆ? ಅವಳು ಅಡಿಗೆಮನೆಯಲ್ಲಿ ನಿಂತು, ಇರಲಿ, ಒಬ್ಬಳಿರಲಿ ಎಂದು ಬಯಸಿದಳು.

ಬಸವರಾಜು ಬಂದಾಗ ಐದು ಗಂಟೆ. ಕೈಗೆ ಸೀಮೆಎಣ್ಣೆ ಹಚ್ಚಿ ತೊಳೆದು, ಊಟ ಬೇಡವೆಂದು ಹೇಳಿ, ನೇರ ಮೇಜಿಗೆ ಹೋದ. ಚಕ್ರವನ್ನು ಕಿರುಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದ. ಇನ್ನೂ ಸ್ವಲ್ಪ ಹಸಿಯಿದೆ ಎಂದ. ಆರರ ಬಸ್ಸಿಗೆ ಹೋಗಬೇಕು, ಅದನ್ನು ಚಕ್ರಗಳ ಮೇಲೆ ನಿಲ್ಲಿಸುವುದನ್ನು ನೋಡಿಯೇ ಹೋಗುತ್ತೇನೆಂದು ಪುಟ್ಟಮಲ್ಲಪ್ಪ ಹಟ ಹಿಡಿದ.

"ನನ್ನ ಹೆಸರನ್ನೂ ಬರೀರಿ," ಎಂದಳು ಸರ್ವಮಂಗಳ.

ಅವಳ ದನಿ ಕ್ಲಾಸಿನಲ್ಲಿ ಇರುವ ಹಾಗೆಯೇ ಇತ್ತು. ಪುಟ್ಟಮಲ್ಲಪ್ಪ ಸ್ಟೂಲಿನ ಮೇಲೆ ಮಿಸುಕಿದ. ಬಸವರಾಜು ತಲೆಯೆತ್ತಲಿಲ್ಲ. ಹೆಸರನ್ನೂ ಎಂದರೇನು, ಯಾರ ಹೆಸರಿನ ಜೊತೆಗೆ ಎಂದು ಅವನು ಕೇಳಿಯಾನು ಎಂದು ಕಾದಳು. ಬೇಡ ಎನ್ನಲಿ ಎಂದೂ ಕಾದಳು. ಬೇಡ ಎಂದಿದ್ದರೆ ಬೆಳಿಗ್ಗೆಯಿಂದ ಕೂಡಿಟ್ಟ ಮಾತುಗಳಿಗೆ ದಾರಿಯಾಗುತ್ತಿತ್ತು.

"ಬರೆದ್ರಾಯ್ತು," ಎಂದ. ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದ. "ಮುಂದೆ ಜಾಗ ಇಲ್ಲ. ಅಡೀಲಿ, ಬಾಲದತ್ರ ಐತೆ."

"ಅಲ್ಲೇ ಬರೀರಿ."

ಅವನು ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಬಗ್ಗಿದ. ಉಸಿರು ಕಟ್ಟಿದ. ಆ ಮುಖ ಬಂತು. ಅವಳು ಅಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅದೇ ಮೊದಲು. ನೋಡಿದ್ದು ಅವನಿಗೆ ಗೊತ್ತಾದೀತೆಂದು ಒಂದು ಹೆಜ್ಜೆ ಹಿಂದೆ ಸರಿದಳು.

ಬ್ರಷ್ಷು ಪ್ಲಾಸ್ಟಿಕ್ಕನ್ನು ಮುಟ್ಟದೆ ನಿಂತಿತು.

"ಸ್ಪೆಲ್ಲಿಂಗ್ ಏಳು," ಎಂದ ಬಸವರಾಜು.

ಒಂದು ಗಳಿಗೆ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು. ಎಸ್. ಎ. ಆರ್. ವಿ.

"ಬಿ-ನೋ ವಿ-ನೋ?"

"ವಿ."

"ಆಮೇಲೆ?"

ಎ. ಎಂ. ಎ. ಎನ್. ಪೆದ್ದ ಹುಡುಗಿಯರಿಗೆ ಡಿಕ್ಟೇಶನ್ ಕೊಡುವ ಹಾಗೆ ಒಂದೊಂದೇ ಅಕ್ಷರವನ್ನು ಬಿಟ್ಟು ಬಿಟ್ಟು ಹೇಳಿದಳು. ಅವನು ತಪ್ಪಿಲ್ಲದೆ ಬರೆದ. ಅಕ್ಷರಗಳು ಸರಿಯಾಗಿದ್ದವು, ನೆಟ್ಟಗಿದ್ದವು. ಕೊಂಡಿ, ಬಳ್ಳಿ ಯಾವುದೂ ಇರಲಿಲ್ಲ. ರೇಷನ್ ಕಾರ್ಡಿನ ಮೇಲಿನ ಹೆಸರಿನಂತಿತ್ತು.

"ಒಟ್ಟು ಎಷ್ಟು ಎ ಬಂತು?" ಎಂದ.

"ಐದು."

"ಬಾಳ ಆಯ್ತು," ಎಂದು ಪುಟ್ಟಮಲ್ಲಪ್ಪನ ಕಡೆ ನೋಡಿ ನಕ್ಕ. ಓರೆ ಹಲ್ಲು ಕಂಡಿತು.

ಬಸ್ಸಿಗೆ ಹೊತ್ತಾಯಿತೆಂದು ಪುಟ್ಟಮಲ್ಲಪ್ಪ ಎದ್ದು ನಿಂತ. ಬಸವರಾಜು ಎರಡೂ ರೆಕ್ಕೆಗಳ ಬುಡ ಹಿಡಿದು ವಿಮಾನವನ್ನು ಮಗುಚಿ, ಚಕ್ರಗಳ ಮೇಲೆ ಇಳಿಸಿದ. ಕೈ ಬಿಟ್ಟ. ಅದು ನಿಂತಿತು. ನಾಲ್ಕು ಇಂಜಿನ್ನು, ಗಾಜಿನ ಗೂಡುಗಳು, ಬೀಟೆಯ ಮೇಜಿನ ಮೇಲೆ ಅದರ ನೆರಳು. ಚೆನ್ನಾಗಿದೆ ಎಂದು ಅವಳಿಗೇ ಅನ್ನಿಸಿಬಿಟ್ಟಿತು.

ಆಮೇಲೆ ಅದರ ಮೂತಿ ನಿಧಾನವಾಗಿ ಮೇಲೇರತೊಡಗಿತು. ಬಾಲ ಕೆಳಗಿಳಿಯಿತು. ಮೇಜಿಗೆ ತಾಗುವ ಮೊದಲು ಅವಳ ಕೈ ತಾನೇ ಮುಂದೆ ಹೋಗಿ, ತೋರುಬೆರಳು ಬಾಲದ ಅಡಿಗೆ ಸೇರಿಕೊಂಡಿತು.

"ಬಾಲ ವಾಲ್ದಂಗೆ ಮೂತಿಗೆ ಬಾರ ಆಕಿಲ್ವೇನ್ಲಾ?" ಎಂದ ಪುಟ್ಟಮಲ್ಲಪ್ಪ.

ಬಸವರಾಜು ಬಗ್ಗಿ ಮೂತಿಯ ಗಾಜಿನೊಳಗೆ ಇಣುಕಿದ. "ಬಾರ ಇಡೋ ಜಾಗದಲ್ಲಿ ಮನ್ಸನ್ನ ಕೂರಿಸ್ಬುಟ್ಟೆ," ಎಂದ. ಈಗ ತೆಗೆಯಬೇಕಾದರೆ ಒಡೆಯಬೇಕು ಎಂದೂ ಹೇಳಿದ; ಯಾರಿಗೆ ಹೇಳಿದನೋ.

"ನಾನೇನು ಮಾಡಲಿ?" ಎಂದಳು.

"ಎತ್ಬೇಡ, ಕಾಲು ಕಿತ್ಕಬತ್ತವೆ. ಅಂಗೇ ಇಡ್ಕಂಡಿರು. ಇವ್ನ ಬಸ್ಸು ಅತ್ತಿಸಿ, ಒತ್ತು ಕೊಡಕ್ಕೆ ಏನಾರ ತತ್ತೀನಿ."

ಇಬ್ಬರೂ ಮೆಟ್ಟಿಲಿಳಿದು ಹೋದರು. ಬೀದಿಯ ತಿರುವಿನವರೆಗೂ ಅವರ ಮಾತು ಕೇಳಿಸಿತು, ಆಮೇಲೆ ಯಾರೋ ನಕ್ಕದ್ದು. ಕೊಡಗಿನ ಕಡೆಯಿಂದ ಮರದ ದಿಮ್ಮಿ ಹೇರಿಕೊಂಡು ಬಂದ ಲಾರಿಯೊಂದು ದಾಟಿಹೋಯಿತು. ನೆಲ ನಡುಗಿತು, ಬೆರಳಿನ ಮೇಲಿದ್ದ ಅಷ್ಟು ಹಗುರದ ಭಾರವೂ ನಡುಗಿತು.

ಆರೂವರೆಯಾಯಿತು. ಏಳಾಗುತ್ತ ಬಂತು. ದೀಪದ ಸ್ವಿಚ್ಚು ಬಾಗಿಲ ಬಳಿಯಿತ್ತು, ಕೈಗೆ ಎಟುಕುವಂತಿರಲಿಲ್ಲ. ಕಿಟಕಿಯ ಬೆಳಕು ಮೊದಲು ರೆಕ್ಕೆಗಳನ್ನು ಬಿಟ್ಟಿತು, ಆಮೇಲೆ ಮೂತಿಯನ್ನು. ಬೆರಳಿಗೆ ತಣ್ಣಗೆ ಏನೋ ಅಂಟುತ್ತಿತ್ತು. ಬರೆದದ್ದು ಅಲ್ಲೇ ಉಳಿದಿದೆಯೋ, ಹನ್ನೆರಡು ಅಕ್ಷರವೂ ತಿರುಗುಮುರುಗಾಗಿ ತನ್ನ ಚರ್ಮಕ್ಕೆ ಬಂದುಬಿಟ್ಟಿದೆಯೋ, ಬೆರಳು ತೆಗೆದರೆ ತಿಳಿಯುತ್ತಿತ್ತು. ಸರ್ವಮಂಗಳ ತೆಗೆಯಲಿಲ್ಲ. ಕತ್ತಲಾದ ಕೋಣೆಯಲ್ಲಿ, ಆಕಾಶಕ್ಕೆ ಮೂತಿಯೆತ್ತಿ ನಿಂತ ಬಾಂಬರಿನ ಕೆಳಗೆ ಒಂದು ಬೆರಳು ಕೊಟ್ಟುಕೊಂಡು ನಿಂತೇ ಇದ್ದಳು.