ಚಪ್ಪಟೆ ಬಂಡೆಯಿಂದ ಮೇಲೆ

ಚಪ್ಪಟೆ ಬಂಡೆ ಸಿಕ್ಕಿದ ಕೂಡಲೇ ಹೊಲಿಗೆ ಟೀಚರ್ ರೂಢಿಯಂತೆ ಚೀಲಗಳನ್ನು ಇಳಿಸಿ, ಕೂರಲು ಕರವಸ್ತ್ರ ಹಾಸಿದರು. ಹುಡುಗಿ ಮಾತ್ರ ಕೂರಲಿಲ್ಲ. ಬಂಡೆಗೆ ಎರಡೂ ಅಂಗೈ ಊರಿ, ತಲೆ ಬಗ್ಗಿಸಿ, ಬಾಯಲ್ಲಿ ಉಸಿರು ಬಿಡುತ್ತಾ ನಿಂತಳು. ಮೂಗಿನ ತುದಿಯಿಂದ ತೊಟ್ಟಿಕ್ಕಿದ ಬೆವರು ಬಿಸಿ ಕಲ್ಲಿನ ಮೇಲೆ ಬಿದ್ದಲ್ಲೇ ಆರುತ್ತಿತ್ತು.

“ಕೂತ್ಕೋ ಮರಿ. ನಮ್ಮ ಸ್ಟೇಷನ್ ಬಂತು,” ಎಂದರು ಟೀಚರ್.

“ಕೂತ್ರೆ ಏಳೋಕಾಗಲ್ಲ ಟೀಚರ್. ನಿಂತೇ ಸುಧಾರಿಸ್ಕೋತೀನಿ. ಆಮೇಲೆ ಹೋಗೋಣ.”

“ಎಲ್ಲಿಗೆ?”

ಹುಡುಗಿ ಗದ್ದವೆತ್ತಿ ಮೇಲೆ ತೋರಿಸಿದಳು. ಅಲ್ಲಿಂದಾಚೆ ಬೆಟ್ಟ ಗೋಡೆಯಂತೆ ನಿಂತಿತ್ತು. ಅದರ ಮೈಮೇಲೆ ಮಕ್ಕಳ ಟೋಪಿಗಳು ಆಗಲೇ ಸಾಸಿವೆಯಷ್ಟಾಗಿದ್ದವು.

ಶಾಲೆಯವರು ವರ್ಷಕ್ಕೊಮ್ಮೆ ಈ ಬೆಟ್ಟಕ್ಕೆ ಬರುತ್ತಿದ್ದರು. ಡ್ರಿಲ್ ಮಾಸ್ತರು ಸಾಲಿನ ಮುಂದೆ, ಹೊಲಿಗೆ ಟೀಚರ್ ಹಿಂದೆ. ಹತ್ತಲಾಗದ ಮೂರು ನಾಲ್ಕು ಮಕ್ಕಳನ್ನು ಟೀಚರ್ ಈ ಬಂಡೆಯ ಮೇಲೆ ಕೂರಿಸಿಕೊಂಡು ಎಲ್ಲರ ಊಟದ ನಾಲ್ಕೈದು ಚೀಲ ಕಾಯುತ್ತಿದ್ದರು. ತುದಿ ಮುಟ್ಟಿದ ಮೇಲೆ ಮಾಸ್ತರು ಸೀಟಿ ಊದುವರು. ಬಂಡೆಯ ಮೇಲಿರುವವರು ಕ್ಷೇಮ ಎಂದು ತಿಳಿಸಲು ಟೀಚರ್ ಕೆಳಗಿನಿಂದ ಊದುವರು. ಆ ಉತ್ತರ ಕಿವಿಗೆ ಬಿದ್ದ ಮೇಲೆಯೇ ಮಾಸ್ತರು ಫೋಟೋ ತೆಗೆಯುವುದು. ಹಿಂದೊಮ್ಮೆ ಮೇಲೆ ಫೋಟೋದ ಸಡಗರ ನಡೆದಿದ್ದಾಗ ಕೆಳಗೆ ಒಂದು ಮಗು ಕಾಲು ಮುರಿದುಕೊಂಡು ಬಿದ್ದಿತ್ತು. ಅಂದಿನಿಂದ ಮಾಸ್ತರು ಈ ಕ್ರಮವನ್ನು ತಪ್ಪಿಸಿದವರಲ್ಲ. ಫೋಟೋಗಳನ್ನು ಕಟ್ಟು ಹಾಕಿಸಿ ಶಾಲೆಯ ಮೆಟ್ಟಿಲ ಪಕ್ಕದ ಗೋಡೆಗೆ ಸಾಲಾಗಿ ತೂಗುಹಾಕಿದ್ದರು.

ಹುಡುಗಿ ಆ ಗೋಡೆಯ ಮೇಲೆ ಎಲ್ಲೂ ಇರಲಿಲ್ಲ. ಮೈ ಭಾರ, ನಡಿಗೆ ನಿಧಾನ. ತರಗತಿಯವರು ಅವಳನ್ನು ಗೂಡ್ಸ್ ಗಾಡಿ ಎಂದು ಕರೆದು, ಅದೂ ಉದ್ದವಾಯಿತೆಂದು ಗೂಡ್ಸ್ ಮಾಡಿಕೊಂಡಿದ್ದರು. ಅದನ್ನವಳು ಸಹಿಸಿದ್ದಳು. ಸಹಿಸಲಾಗದ್ದು ಮನೆಯ ಮಾತು. ಕಳೆದ ವರ್ಷ ಶಾಲೆಗೆ ಸೇರಿದ ತಂಗಿ ಮೊದಲ ಸಲವೇ ತುದಿ ಮುಟ್ಟಿ, ಫೋಟೋದ ಮುಂದಿನ ಸಾಲಿನಲ್ಲಿ ನಾಲಿಗೆ ಚಾಚಿ ಕೂತಿದ್ದಳು. ಮನೆಗೆ ಯಾರೇ ಬರಲಿ, ಅಮ್ಮ ಚಿಕ್ಕವಳ ಪರಾಕ್ರಮ ಹೇಳಿ, “ದೊಡ್ಡೋಳು ಪಾಪ, ಚೀಲ ಕಾಯ್ತಾಳೆ,” ಎಂದು ಸೇರಿಸುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅವಳಿಗೆ ಈ ಶಾಲೆಯಲ್ಲಿ ಇದೇ ಕೊನೆಯ ವರ್ಷ. ಅವರ ಮನೆ ಇದ್ದದ್ದು ಎತ್ತರದ ಕಟ್ಟಡದ ಕೊನೆಯ ಮಹಡಿಯಲ್ಲಿ. ಈ ವರ್ಷ ಶಾಲೆ ಶುರುವಾದಾಗಿನಿಂದ ಅವಳು ಅಜ್ಜಿ ಹೇಳುವ ಮೊದಲೇ ಮೆಟ್ಟಿಲಿಳಿದು ಅಂಗಡಿಗೆ ಹೋಗುತ್ತಿದ್ದಳು. ಉಪ್ಪು ತಂದು ಬೆಂಕಿಪೆಟ್ಟಿಗೆ ಮರೆಯುವಳು, ಅದನ್ನು ತಂದು ಸೋಪು ಮರೆಯುವಳು. ಈ ವಯಸ್ಸಿಗೇ ಇಷ್ಟು ಮರೆವಾದರೆ ನನ್ನ ವಯಸ್ಸಿಗೆ ಇವಳು ಮನೆಯನ್ನೇ ಮರೆಯುತ್ತಾಳೆ ಎಂದು ಅಜ್ಜಿ ಗೊಣಗುತ್ತಿದ್ದರು. ಸುಸ್ತಾದಾಗ ಕೂರಬಾರದು, ನಿಂತೇ ಉಸಿರು ಹಿಡಿಯಬೇಕು ಎಂಬುದನ್ನು ಅವಳು ಆ ಮೆಟ್ಟಿಲ ಮೇಲೆ ಕಲಿತಿದ್ದಳು.

“ನಾನು ಒಂದು ಫೋಟೋದಲ್ಲೂ ಇಲ್ಲ ಟೀಚರ್,” ಎಂದಳು.

ತಾವೂ ಇಲ್ಲವೆಂಬುದು ಟೀಚರಿಗೆ ಈವರೆಗೆ ಹೊಳೆದಿರಲಿಲ್ಲ.

ಈ ವರ್ಷ ಬಂಡೆಯ ಪಾಲಿಗೆ ಬಂದವಳು ಇವಳೊಬ್ಬಳೇ. ಟೀಚರ್ ಇಳಿಸಿದ ಚೀಲಗಳನ್ನು ಮತ್ತೆ ಹೆಗಲಿಗೇರಿಸಿದರು. ಅವರ ಕಾಲುಗಳು ಹೊಲಿಗೆ ಯಂತ್ರ ತುಳಿದು ಸವೆದಿದ್ದವು. ಕೂತಲ್ಲೇ ಎಷ್ಟು ದೂರ ಹೋಗಿದ್ದವೋ, ಮೇಲಕ್ಕೆ ಮಾತ್ರ ಎಂದೂ ಹೋಗಿರಲಿಲ್ಲ. “ದೂರದ ಬೆಟ್ಟ ನುಣ್ಣಗೆ ಅಂತ ಹೇಳ್ಕೊಂಡೇ ಕಾಲ ಕಳೆದೆ. ನಡಿ, ಹತ್ರದ್ದು ಹೇಗಿದೆ ನೋಡೋಣ,” ಎಂದರು.

ಹತ್ತಿರದ್ದು ಬರೀ ಜಲ್ಲಿಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. ಹುಡುಗಿ ಹುಲ್ಲಿನ ಬುಡ ಹಿಡಿದು, ಮೊಣಕಾಲೂರಿ, ಸ್ವಲ್ಪ ಹತ್ತಿ, ಹಣೆಯನ್ನು ಕಲ್ಲಿಗೆ ಆನಿಸಿ ನಿಲ್ಲುವಳು, ಮತ್ತೆ ಹತ್ತುವಳು. ಒಂದು ಕಡೆ ಅವಳ ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಿತು. ಇನ್ನು ಇಳಿಯೋಣ ಎನ್ನಲು ಇದಕ್ಕಿಂತ ಒಳ್ಳೆಯ ನೆಪ ಸಿಗದೆಂದು ಟೀಚರಿಗೆ ಅನ್ನಿಸಿತು. ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಎಂದಿನಂತೆ ಕೊರಳಲ್ಲಿದ್ದ ಅಳತೆ ಟೇಪು ತೆಗೆದು, ಬೂಟಿನ ಸುತ್ತ ಬಿಗಿಯಾಗಿ ಸುತ್ತಿ ಗಂಟು ಹಾಕಿದರು.

ಆಗಲೇ ಮೇಲಿನಿಂದ ಸೀಟಿ ಕೇಳಿಸಿತು.

ಟೀಚರ ಕೈ ತಾನಾಗಿಯೇ ಜೇಬಿಗೆ ಹೋಗಿ, ಸೀಟಿ ತುಟಿಗೆ ಬಂದಿತ್ತು.

“ಊದ್ಬೇಡಿ ಟೀಚರ್,” ಎಂದಳು ಹುಡುಗಿ. ಉಸಿರು ಸಾಲದೆ ಸ್ವಲ್ಪ ತಡೆದು ಹೇಳಿದಳು: “ಊದಿದ್ರೆ ಫೋಟೋ ತೆಗೀತಾರೆ.”

ಊದದಿದ್ದರೆ ಏನರ್ಥವೆಂದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಕೂಗಿ ಹೇಳೋಣವೆಂದರೆ ಗಾಳಿ ಕೆಳಮುಖವಾಗಿ ಬೀಸುತ್ತಿತ್ತು. ಅವರು ಸೀಟಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಹುಡುಗಿಯ ಬೆನ್ನಿಗೆ ಕೈ ಆನಿಸಿದರು. ಎರಡನೆಯ ಸೀಟಿ ಉದ್ದವಾಗಿತ್ತು. ಮೂರನೆಯದರಲ್ಲಿ ಗಾಬರಿಯಿತ್ತು. ಆದರೂ ಟೀಚರ ಕೈ ಜೇಬಿಗೆ ಹೋಗಲಿಲ್ಲ. ಆಮೇಲೆ ಸೀಟಿ ಕೇಳಿಸಲಿಲ್ಲ, ಕಲ್ಲುರುಳುವ ಸದ್ದು ಕೇಳಿಸಿತು. ಡ್ರಿಲ್ ಮಾಸ್ತರು ಅರ್ಧ ಓಡುತ್ತಾ ಅರ್ಧ ಜಾರುತ್ತಾ ಇಳಿದು ಬಂದರು. ಅಂಗೈ ತರಚಿ ರಕ್ತ ಬಂದಿತ್ತು, ಕ್ಯಾಮೆರಾ ಹೊಟ್ಟೆಗೆ ಬಡಿಯುತ್ತಿತ್ತು. ಇಬ್ಬರೂ ನೆಟ್ಟಗಿರುವುದನ್ನು ಕಂಡು ಅವರಿಗೆ ಕೋಪ ಬಂತು. ಜೀವ ಬಾಯಿಗೆ ಬಂದಿತ್ತು, ಮೇಲೆ ಮಕ್ಕಳನ್ನು ದೊಡ್ಡ ಹುಡುಗಿಯೊಬ್ಬಳ ಕೈಗೆ ಒಪ್ಪಿಸಿ ಓಡಿ ಬಂದೆ, ಇಷ್ಟು ವರ್ಷದಲ್ಲಿ ನೀವು ಹೀಗೆ ಮಾಡಿದವರಲ್ಲ ಎಂದು ರೇಗಿದರು.

“ಹೆದರಿಸಿದ್ದು ತಪ್ಪೇ ಸಾರ್. ಆದ್ರೆ ಬಂಡೆ ಮೇಲೆ ಯಾರೂ ಇಲ್ಲ. ಯಾರ ಪರವಾಗಿ ಊದ್ಲಿ?” ಎಂದರು ಟೀಚರ್.

ಮಾಸ್ತರು ಬಿಸಿಲು ನೋಡಿದರು. ಹೊತ್ತಾಯಿತು, ಈಗಲೇ ಇಳಿಯಬೇಕು, ಬಸ್ಸಿನವನು ಕಾಯುವುದಿಲ್ಲ ಎಂದರು.

“ಕಾಯ್ತಾನೆ, ಬೈತಾನೆ. ಬೈಸ್ಕೊಂಡ್ರಾಯ್ತು.”

ಈ ಮಾತು ನಡೆಯುತ್ತಿದ್ದಂತೆ ಹುಡುಗಿ ಹಣೆಯನ್ನು ಕಲ್ಲಿನಿಂದ ಎತ್ತಿ, ಮಾಸ್ತರ ಪಕ್ಕದಿಂದಲೇ ತೆವಳಿಕೊಂಡು ಮುಂದೆ ಹೋಗಿದ್ದಳು. ಬೂಟಿಗೆ ಸುತ್ತಿದ ಟೇಪಿನ ತುದಿ ಅವಳ ಹಿಂದೆ ನೆಲದ ಮೇಲೆ ಹರಿಯುತ್ತಾ ಹೋಗುತ್ತಿತ್ತು. ಮಾಸ್ತರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಮೇಲಕ್ಕೆ ಹೋಗಿ ಅವಳಿಗೆ ಕೈ ಚಾಚಿದರು.

“ಬೇಡ ಸಾರ್. ಎಳೆದ್ರೆ ಉಸಿರು ತಪ್ಪುತ್ತೆ,” ಎಂದಳು. ಮಾಸ್ತರು ಕೈ ಹಿಂದಕ್ಕೆ ತೆಗೆದು, ಟೀಚರ ಹೆಗಲಿನ ಚೀಲಗಳಲ್ಲಿ ಅರ್ಧ ತಾವು ಹೊತ್ತುಕೊಂಡರು.

ತುದಿಯಲ್ಲಿ ಮಕ್ಕಳು ಫೋಟೋಕ್ಕೆಂದು ನಿಂತ ಸಾಲು ಕಾದು ಕಾದು ಕೆಟ್ಟುಹೋಗಿತ್ತು. ಹುಡುಗಿಯ ತಲೆ ಅಂಚಿನಲ್ಲಿ ಕಂಡಾಗ ಯಾರೋ, “ಗೂಡ್ಸ್ ಬಂತು, ಲೈನ್ ಕ್ಲಿಯರ್ ಮಾಡ್ರೋ,” ಎಂದರು. ಕೆಲವರು ನಕ್ಕರು. ಆದರೆ ದಾರಿಯನ್ನೂ ಬಿಟ್ಟರು. ತಂಗಿ ಮುಂದಿನ ಸಾಲಿನಿಂದ ಎದ್ದು ಬಂದು, ಅಕ್ಕನ ಕೆಂಪೇರಿದ ಮುಖವನ್ನೂ ಬೂಟನ್ನೂ ನೋಡಿ, “ನನ್ನ ಪಕ್ಕ ಬಾರೇ ಅಕ್ಕ,” ಎಂದು ಕೈ ಹಿಡಿದಳು. ಹುಡುಗಿ ಹೋದಳು. ಕೂರಲಿಲ್ಲ, ಎಲ್ಲರೂ ಕೂತಿದ್ದ ಮುಂದಿನ ಸಾಲಿನ ತುದಿಯಲ್ಲಿ ನಿಂತಳು. ತಂಗಿಯೂ ನಿಂತಳು.

ಟೀಚರ್ ಅಭ್ಯಾಸದಂತೆ ಎಲ್ಲ ಚೀಲಗಳನ್ನು ಸೇರಿಸಿಕೊಂಡು ಪಕ್ಕಕ್ಕೆ ಸರಿದಿದ್ದರು. ಹುಡುಗಿ ಬಂದು ಅವರ ಕೈಯಿಂದ ಒಂದೊಂದನ್ನೇ ತೆಗೆದು ನೆಲಕ್ಕಿಟ್ಟಳು.

“ಇಲ್ಲಿ ಯಾರೂ ಕದಿಯಲ್ಲ ಬನ್ನಿ ಟೀಚರ್.”

ಟೀಚರ್ ಅವಳ ಪಕ್ಕ ಬಂದು ನಿಂತ ಮೇಲೆ ಮಾಸ್ತರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಅಲ್ಲಾಡಬೇಡಿ ಎಂದರು. ಯಾರೂ ಅಲ್ಲಾಡಲಿಲ್ಲ, ಆದರೂ ಅವರ ಬೆರಳು ಒತ್ತಲಿಲ್ಲ. ತಲೆ ತುಸು ಓರೆಯಾಗಿ, ಎಂದಿನ ಉತ್ತರಕ್ಕೆ ಕಾದಂತೆ ಕಿವಿ ಕಣಿವೆಯ ಕಡೆಗಿತ್ತು. ಟೀಚರಿಗೆ ಅರ್ಥವಾಯಿತು. ಜೇಬಿನಿಂದ ಸೀಟಿ ತೆಗೆದು, ಕೆನ್ನೆಯುಬ್ಬಿಸಿ ಊದಿದರು.

ಬಹಳ ಕೆಳಗೆ, ಚಪ್ಪಟೆ ಬಂಡೆಯ ಮೇಲೆ, ಮರೆತು ಬಂದ ಕರವಸ್ತ್ರ ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಗಾಳಿಗೆ ಅದರ ಒಂದು ಮೂಲೆ ಎದ್ದು, ಮತ್ತೆ ಮಲಗಿತು.