ಗಾಳಿಗೆ ಕಾದಿರಿಸಿದ ಹಗೇವು

ಪುರ್ತಗೇರಿಯ ದ್ಯಾಮಪ್ಪನಿಗೆ ಗಾಳಿಯೆಂದರೆ ಜೀವ ಹೋಗುತ್ತಿತ್ತು. ಊರವರು ನಗುತ್ತಿದ್ದರು. ಆದರೆ ಅವನೇನು ಹುಟ್ಟಾ ಅಂಜುಬುರುಕನಲ್ಲ. ಎರಡು ವರ್ಷದ ಹಿಂದೆ ಬಿರುಗಾಳಿಗೆ ಅವನ ಮನೆಯ ತಗಡು ಕಿತ್ತು ಹಾರಿ, ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಬಾಚಿಕೊಳ್ಳುತ್ತಿದ್ದ ಹೆಂಡತಿ ಚನ್ನವ್ವನ ಕುತ್ತಿಗೆಗೆ ಬಡಿದಿತ್ತು. ಆಕೆ ಒಂದು ಗುಟುಕು ನೀರೂ ಕೇಳಲಿಲ್ಲ. ಅಂದಿನಿಂದ ಬಾಗಿಲು ಕಿರುಗುಟ್ಟಿದರೂ ದ್ಯಾಮಪ್ಪ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದ. ಬಾಯಿ ಸುಟ್ಟ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಇದರಲ್ಲಿ ನಗುವಂಥದ್ದು ಏನಿದೆಯೋ ನನಗಂತೂ ತಿಳಿಯದು.

ಕನ್ನಡ ನಾಡು ಒಂದಾದ ಮರುವರ್ಷದ ಬೇಸಿಗೆ ಅದು. ಮಗಳು ರೇಣುಕವ್ವ ಚೊಚ್ಚಲ ಬಸುರಿಯಾಗಿ ಬೆಳವಣಕಿಯ ಗಂಡನ ಮನೆಯಿಂದ ಬಂದಿದ್ದಳು. ತಾಯಿಯಿಲ್ಲದ ತವರಿಗೆ ಯಾಕೆ ಹೋಗುತ್ತೀ ಎಂದು ಅತ್ತೆ ಕೇಳಿದರೆ, ಅಪ್ಪ ಇದ್ದಾನಲ್ಲ ಎಂದಿದ್ದಳಂತೆ. ಆ ಮಾತು ಕಿವಿಗೆ ಬಿದ್ದಾಗ ದ್ಯಾಮಪ್ಪ ಅತ್ತುಬಿಟ್ಟ. ಅತ್ತು ಸುಮ್ಮನಾಗಿದ್ದರೆ ಎಷ್ಟು ಚೆನ್ನಾಗಿತ್ತು! ಈಕೆಯನ್ನೂ ಗಾಳಿಗೆ ಕೊಡಲಾರೆ ಎಂದು ಹಟ ತೊಟ್ಟು, ಅಂಗಳದ ಹಗೇವನ್ನು ಬರಿದು ಮಾಡಲು ನಿಂತ.

ಹಗೇವು ಎಂದರೇನೆಂದು ಎರೆನೆಲದವರಿಗೆ ಹೇಳಬೇಕಿಲ್ಲ. ಜೋಳ ಕೂಡಿಡಲು ನೆಲದೊಳಗೆ ಗಡಿಗೆಯ ಆಕಾರದಲ್ಲಿ ಅಗೆದ ಗುಂಡಿ; ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಜೋಳಕ್ಕೆ ಹುಳ ಹಿಡಿಯುವುದಿಲ್ಲ. ಹುಳ ಬದುಕದ ಜಾಗದಲ್ಲಿ ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಬಾಯಿ ತೆಗೆದ ದಿನ ಯಾರೂ ಇಳಿಯಬಾರದು, ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು. ದೀಪ ಆರಿದರೆ ಕೆಳಗೆ ಸಾವು ಕೂತಿದೆ ಎಂದೇ ಅರ್ಥ. ಈ ಪಾಠವನ್ನು ಊರಿಗೆಲ್ಲ ಹೇಳುತ್ತಿದ್ದವನು ಯಾರು? ಇದೇ ದ್ಯಾಮಪ್ಪ. ಯಾರ ಹಗೇವು ತೆಗೆದರೂ ಅವನಿಗೆ ಕರೆ ಬರುತ್ತಿತ್ತು. ಅವಸರ ಮಾಡಿದವರಿಗೆ ಅವ್ವ ಅಪ್ಪ ಎತ್ತಿ ಬೈಯುತ್ತಿದ್ದ.

ತನ್ನದನ್ನೂ ಹಾಗೇ ತೆಗೆದ. ಜೋಳವನ್ನು ಚೀಲಕ್ಕೆ ತುಂಬಿದ, ಗುಂಡಿಯನ್ನು ದಿನಗಟ್ಟಲೆ ಗಾಳಿಗೆ ಬಿಟ್ಟ, ದೀಪ ಇಳಿಸಿ ನೋಡಿದ, ನಿಚ್ಚಣಿಕೆ ಇಟ್ಟ, ಮಗಳು ಕೂರಲು ಕಂಬಳಿ ಹಾಸಿದ. ತಾನೇ ಇಳಿದು, ಕೂತು, ಒಂದು ತುಂಡು ಬೆಲ್ಲ ತಿಂದು ಬಂದ. ಪಕ್ಕದ ಮನೆಯ ಪಿಂಜಾರ ಫಕೀರಸಾಬ ನಕ್ಕು, “ದ್ಯಾಮಣ್ಣಾ, ಸತ್ತಮ್ಯಾಲ ಹ್ಯಾಂಗೂ ಮಣ್ಣಾಗ ಹೋಗೂದೈತಿ, ಈಗ್ಯಾಕ ಅವಸರ?” ಎಂದ. ದ್ಯಾಮಪ್ಪ ಅವನೊಡನೆ ಒಂದಷ್ಟು ದಿನ ಮಾತು ಬಿಟ್ಟ.

ಆಮೇಲೆ ಒಂದು ಸಣ್ಣ ಮಳೆ ಬಂತು. ಇನ್ನೂ ನೀರು ಇಳಿದೀತೆಂದು ಅವನು ಬಾಯಿಗೆ ಕಲ್ಲು ಎಳೆದು ಮಣ್ಣು ಮೆತ್ತಿದ. ಒಳಗೆ ಗೋಡೆಗೆ ಅಂಟಿದ್ದ ಜೋಳ, ತಳದ ಹೊಟ್ಟು, ಎಲ್ಲ ತೇವಕ್ಕೆ ಕೊಳೆಯತೊಡಗಿದ್ದವು. ಮುಚ್ಚಿದ ಹಗೇವು ಮುಚ್ಚಿದ ಹಗೇವೇ, ಒಳಗೆ ಜೋಳವಿರಲಿ ಬಿಡಲಿ. ಬೇರೆಯವರದಾಗಿದ್ದರೆ ದ್ಯಾಮಪ್ಪನೇ ಹೀಗೆ ಹೇಳುತ್ತಿದ್ದ. ಆದರೆ ಇದು ಅವನ ಪಾಲಿಗೆ ಹಗೇವಾಗಿ ಉಳಿದಿರಲಿಲ್ಲ, ಮಗಳ ಕೋಣೆಯಾಗಿತ್ತು.

ಒಂದು ಮಧ್ಯಾಹ್ನ ಗಜೇಂದ್ರಗಡದ ಗುಡ್ಡದ ಕಡೆಯಿಂದ ಧೂಳು ಎದ್ದು ಬಂತು. ನೋಡನೋಡುತ್ತಿದ್ದಂತೆ ಹಗಲು ಕಪ್ಪಾಯಿತು. ಬಣವೆಗಳ ಕಣಿಕೆ ಆಕಾಶಕ್ಕೆ ಹೋಯಿತು. ಪಕ್ಕದ ಬಾಗಿಲಿನಿಂದ ಫಕೀರಸಾಬನ ಹೆಂಡತಿ ರಹಿಮತಬಿ ಕೂಗಿದಳು:

“ಅಣ್ಣಾರ, ರೇಣುಕಾನ್ನ ನಮ್ಮ ಮನಿಗೆ ಕರಕೊಂಡ ಬರ್ರಿ! ನಮ್ಮದು ಮಣ್ಣಿನ ಮಾಳಿಗಿ, ಹಾರಂಗಿಲ್ಲ!”

“ಹಾರದಿದ್ರ ಕುಸೀತೈತಿ!” ಎಂದು ದ್ಯಾಮಪ್ಪ ಅರಚಿದ. ತಲೆಯ ಮೇಲೆ ಚಾವಣಿ ಅನ್ನುವುದಿದ್ದರೆ ಸಾಕು, ಅವನಿಗೆ ಅದು ಚನ್ನವ್ವನನ್ನು ಕೊಂದ ತಗಡೇ.

ಹಾರೆಯಿಂದ ಮಣ್ಣು ಒಡೆದು ಕಲ್ಲು ಸರಿಸಿದ. ಕೈ ತಾನಾಗಿಯೇ ದೀಪಕ್ಕೆ ಹೋಯಿತು. ಚಿಮಣಿ ಬುಡ್ಡಿಯನ್ನು ಮನೆಯೊಳಗೆ ಹಚ್ಚಿ, ಧೋತರದ ಮರೆಯಲ್ಲಿ ತಂದು, ಹಗ್ಗ ಕಟ್ಟಿ ಇಳಿಸಿದ. ಬಾಯಿಯಿಂದ ಸ್ವಲ್ಪ ಕೆಳಗೆ ಹೋಗಿದ್ದೇ ತಡ, ಆರಿತು. ಮತ್ತೆ ಹಚ್ಚಿ ತಂದ. ಮತ್ತೆ ಅಲ್ಲಿಯೇ ಆರಿತು.

“ಇದರ ಹೆಣಾ ಎತ್ತಲಿ, ಹಾಳ ಗಾಳಿ!” ಎಂದ.

ಗಾಳಿ ಒಳಗೆ ಹೋಗುವುದಿಲ್ಲ ಎಂದಲ್ಲವೇ ಅವನು ಆ ಹಗೇವನ್ನು ನಂಬಿದ್ದು? ಹೋಗದ ಗಾಳಿ ದೀಪ ಆರಿಸಿದ್ದು ಹೇಗೆ? ಇಷ್ಟು ಸಣ್ಣ ಮಾತು ಅವನಿಗೆ ಹೊಳೆಯಲಿಲ್ಲ. ಕಣ್ಣಲ್ಲಿ ಗಾಳಿ, ಕಿವಿಯಲ್ಲಿ ಗಾಳಿ, ತಲೆಯೊಳಗೂ ಅದೇ.

ಹೊಸ್ತಿಲಲ್ಲಿ ನಿಂತಿದ್ದ ರೇಣುಕವ್ವ, “ಯಪ್ಪಾ, ದೀಪ ಆರೈತಿ. ಆರಿದ್ರ ಇಳೀಬಾರದು ಅಂತ ನೀನ ಹೇಳತಿದ್ದೆಲ್ಲಾ?” ಎಂದಳು.

“ಗಾಳಿಗೆ ಆರೈತಿ. ಲಗೂ ನಡಿ.”

“ನಾ ಒಲ್ಲೆ. ಮನಿಯಾಗ ಇರೂಣು.”

ಆಕೆಯ ನೆತ್ತಿಯ ಮೇಲೆ ತಗಡು ಕಿರ್ರೆಂದಿತು. ದ್ಯಾಮಪ್ಪ ಅಲ್ಲೇ ಕುಸಿದು ಮಗಳ ಕಾಲು ಹಿಡಿದ. “ನಿಮ್ಮವ್ವನ್ನ ಈ ಕಣ್ಣಲೆ ನೋಡೀನಿ. ನಿನ್ನ ನೋಡಲಾರೆ, ಯವ್ವಾ. ಕಾಲ ಬೀಳ್ತೀನಿ, ಇಳಿ.”

ರೇಣುಕವ್ವನಿಗೆ ಗಾಳಿಯ ಹೆದರಿಕೆ ಅಷ್ಟೇನೂ ಇರಲಿಲ್ಲ. ಅಪ್ಪನ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ ಯಪ್ಪಾ. ಇಳೀತೀನಿ ತಗೋ,” ಎಂದಳು.

ಅವನು ನಿಚ್ಚಣಿಕೆ ಹಿಡಿದ. ಆಕೆ ಬಸುರಿನ ಹೊಟ್ಟೆಯನ್ನು ಓರೆ ಮಾಡಿಕೊಂಡು, ಮೆಲ್ಲಗೆ, ಕಾಲಿನಿಂದ ಮೆಟ್ಟಿಲು ತಡವುತ್ತ ಇಳಿದಳು. “ಯಪ್ಪಾ, ಇಲ್ಲಿ ಏನೋ ಹುಳಿ ವಾಸನಿ...” ಅಂದಳು. ಆಮೇಲೆ ಚೀಲ ಕೆಡವಿದಂಥ ಸದ್ದು. ಅವನು ಕರೆದ. ಮತ್ತೆ ಮತ್ತೆ ಕರೆದ.

ಕೂಗು ಕೇಳಿ ಓಡಿ ಬಂದ ಫಕೀರಸಾಬ, ಇಳಿಯಲು ಹೊರಟವನನ್ನು ಹಿಂದಿನಿಂದ ತಬ್ಬಿ ಕೆಡವಿದ. “ನೀನೂ ಹೋಗ್ತಿ, ದ್ಯಾಮಣ್ಣಾ!” ಎನ್ನುತ್ತ ತನ್ನ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಹಿಡಿದು ತಾನೇ ಇಳಿದ. ತಲೆ ಬಾಯಿಯಿಂದ ಕೆಳಗೆ ಹೋಗಿ ಒಂದು ಉಸಿರು ಎಳೆದದ್ದೇ ಕಣ್ಣು ಕತ್ತಲೆಗಟ್ಟಿ, ಹಿಂದೆಯೇ ಬಂದಿದ್ದ ರಹಿಮತಬಿ ಅವನನ್ನು ಎಳೆದು ಹಾಕಬೇಕಾಯಿತು. ಒಳಗಿನ ಕೆಟ್ಟ ಉಸಿರು ಕದಲಲಿ ಎಂದು ಹಗ್ಗಕ್ಕೆ ಕಂಬಳಿ ಕಟ್ಟಿ ಮೇಲೆ ಕೆಳಗೆ ಬೀಸಿದರು. ಆಲಿಕಲ್ಲು ಬಿದ್ದವು, ಮಳೆ ಹೊಡೆಯಿತು. ಮನೆಯ ತಗಡು ಹಾರಿತೋ ಉಳಿಯಿತೋ ಯಾರೂ ನೋಡಲಿಲ್ಲ.

ಬಂದಷ್ಟೇ ಬೇಗ ಎಲ್ಲ ನಿಂತಿತು. ಫಕೀರಸಾಬ ಚಿಮಣಿ ಹಚ್ಚಿದ. ಅಂಗಳದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ; ಉರಿ ನೆಟ್ಟಗೆ ನಿಂತಿತ್ತು. ಹಗ್ಗ ಬಿಡುತ್ತ ಹೋದ. ಬಾಯಿಯಿಂದ ಸ್ವಲ್ಪ ಕೆಳಗೆ ಉರಿ ಸಣ್ಣದಾಯಿತು, ನೀಲಿಯಾಯಿತು, ಆರಿತು.

ದ್ಯಾಮಪ್ಪ ಕೆಸರಿನಲ್ಲಿ ಕೂತು ನೋಡುತ್ತಿದ್ದ.

“ಗಾಳಿಗೆ ಆರೈತಿ, ಫಕೀರಾ,” ಎಂದ. “ಇನ್ನೊಮ್ಮಿ ಹಚ್ಚು.”

ಫಕೀರಸಾಬ ಇನ್ನೊಮ್ಮೆ ಹಚ್ಚಿದ.